ಸಮರಕಂದದಲ್ಲಿ ಚಪ್ಪಲಿ ಕಾಯುವವರಿಲ್ಲ

ದೇವನಹಳ್ಳಿ

ನಮ್ಮ ತವರು ನಲ್ಲೂರಿನ ಹತ್ತಿರ. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆಯವರಿಗೆಲ್ಲ ವಿಮಾನದ ಹೊಟ್ಟೆ ಚೆನ್ನಾಗಿ ಪರಿಚಯ. ಹೊಲದಲ್ಲಿ ಬಗ್ಗಿದವರು ಸೊಂಟ ನೆಟ್ಟಗೆ ಮಾಡಿಕೊಂಡು ತಲೆಯೆತ್ತಿದರೆ ವಿಮಾನದ ಹೊಟ್ಟೆ, ಅಂಗಳದಲ್ಲಿ ಬಟ್ಟೆ ಹರವಿದರೆ ವಿಮಾನದ ಹೊಟ್ಟೆ. ಅದು ಚಕ್ರಗಳನ್ನು ಒಳಕ್ಕೆ ಎಳೆದುಕೊಳ್ಳುವುದನ್ನು ಸಹ ನೋಡಿದ್ದೇವೆ. ಆದರೆ ಅದರೊಳಗೆ ಏನಿರುತ್ತದೆ ಅನ್ನುವುದು ನನಗೂ ನಮ್ಮಕ್ಕನಿಗೂ ಈ ಮೇ ತಿಂಗಳವರೆಗೆ ಗೊತ್ತಿರಲಿಲ್ಲ.

ನಾನು ಶಾಂತ. ದೊಡ್ಡಬಳ್ಳಾಪುರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಅಂಗಡಿಗೆ ಬಂದ ಹೆಂಗಸೊಬ್ಬರು ಅಳತೆ ಕೊಡುತ್ತಾ ಕೊಡುತ್ತಾ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ನೀಲಿ ಗುಮ್ಮಟ. ನೀಲಿ ಅಂದರೆ ಎಂಥ ನೀಲಿ! ಮೂವತ್ತು ವರ್ಷದಿಂದ ರೇಷ್ಮೆ ಸೀರೆಗಳ ಜೊತೆ ಬದುಕಿರುವ ನಾನೇ ಆ ಬಣ್ಣ ನೋಡಿರಲಿಲ್ಲ. "ಉಜ್ಬೇಕಿಸ್ತಾನ ಕಣ್ರೀ, ನಮ್ಮ ಕಡೆಯಿಂದ ಒಂದು ಗುಂಪು ಹೋಗ್ತಾ ಇದೆ," ಅಂದರು. ಟೇಪು ಕೈಯಲ್ಲಿ ಹಿಡಿದುಕೊಂಡೇ ನಾನು ಹೊರಟುಬಿಟ್ಟೆ ಅನ್ನಿ. ಅವರ ತೋಳಿನ ಅಳತೆ ತಪ್ಪಾಗಿ, ಆಮೇಲೆ ಬಿಚ್ಚಿ ಹೊಲಿದುಕೊಟ್ಟೆ.

ಒಬ್ಬಳೇ ಹೋಗುವ ಮಾತಿಲ್ಲ. ರತ್ನಕ್ಕ ಬರಲೇಬೇಕು. ಅಕ್ಕ ಅಂಗನವಾಡಿ ಟೀಚರ್ ಆಗಿದ್ದು ನಿವೃತ್ತಳಾದವಳು, ಮದುವೆಯಾಗದೆ ಆರಾಮಾಗಿ ಇರುವವಳು. ಮಗುವಾಗಿದ್ದಾಗ ಪೋಲಿಯೋ ಬಂದು ಅವಳ ಎಡಗಾಲು ಸಣ್ಣಗೆ, ಗಿಡ್ಡಗೆ ಉಳಿದಿದೆ. ಎಡಗಾಲಿನ ಬೂಟಿಗೆ ಮೂರಂಗುಲ ದಪ್ಪದ ಅಟ್ಟೆ ಹಾಕಿಸಿಕೊಂಡಿದ್ದಾಳೆ, ಬೆಂಗಳೂರಿನ ಆಸ್ಪತ್ರೆಯಲ್ಲಿ ಕಾಲಿನ ಅಚ್ಚು ತೆಗೆದು ಮಾಡಿಕೊಟ್ಟದ್ದು. ಅದಿದ್ದರೆ ಎಷ್ಟು ದೂರ ಬೇಕಾದರೂ ನಡೆಯುತ್ತಾಳೆ. ಅದಿಲ್ಲದಿದ್ದರೆ ಮೊಣಕಾಲಿನ ಮೇಲೆ ಕೈಯೂರಿಕೊಂಡು ಮನೆಯೊಳಗೆ ಓಡಾಡಬಲ್ಲಳು, ಅಷ್ಟೆ.

ನಮ್ಮ ಕಡೆ ನಾಲ್ಕು ಜನ ಸೇರಿ ದೇವಸ್ಥಾನಕ್ಕೆ ಹೊರಟರೆ ಒಬ್ಬರು ಚಪ್ಪಲಿ ಕಾಯಬೇಕು. ಯಾರು ಕಾಯಬೇಕು ಅಂತ ಯಾರೂ ಹೇಳುವುದಿಲ್ಲ, ಅದು ಹೇಗೋ ತೀರ್ಮಾನವಾಗಿರುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ಅಕ್ಕನಿಗೆ. ಬೆಟ್ಟದ ದೇವರಾದರಂತೂ ಕೇಳುವುದೇ ಬೇಡ. "ನಂದಿ ಬೆಟ್ಟದಲ್ಲಿ ನೋಡಿದ್ದು ಚಪ್ಪಲಿ, ಶಿವಗಂಗೇಲಿ ನೋಡಿದ್ದು ಚಪ್ಪಲಿ ಜೊತೆಗೆ ಕೋತಿ," ಅಂತ ಅವಳೇ ಹೇಳಿ ನಗುತ್ತಾಳೆ.

ಈ ಸಲ ನಗಲಿಲ್ಲ. "ಬರ್ತೀನಿ ಕಣೇ. ಆದ್ರೆ ಒಂದು ಮಾತು. ಅಲ್ಲಿಗೂ ಬಂದು ಕೆಳಗೇ ಕೂತ್ಕೊಳ್ಳೋದಾದ್ರೆ ಇಲ್ಲೇ ಕೂತಿರ್ತೀನಿ. ಬಂದ್ರೆ ಎಲ್ಲಾನೂ ನೋಡ್ಬೇಕು," ಅಂದಳು.

ವಿಮಾನ ನಿಲ್ದಾಣದಲ್ಲಿ ಟೂರ್ ಮ್ಯಾನೇಜರ್ ಮಧು ನಮ್ಮನ್ನೆಲ್ಲ ಒಟ್ಟು ಮಾಡಿದ. ಬೆಂಗಳೂರಿನವನು, ಇಬ್ಬರು ಮಕ್ಕಳ ತಂದೆ, ಸದಾ ಗಡಿಯಾರ ನೋಡುವವನು. ಅಕ್ಕನ ಕಾಲು ನೋಡಿದ, ಗಡಿಯಾರ ನೋಡಿದ. "ಅಮ್ಮಾ, ಮೆಟ್ಟಿಲು ಜಾಸ್ತಿ ಇರೋ ಕಡೆ ನೀವು ಬಸ್ಸಲ್ಲೇ ಆರಾಮಾಗಿ ಕೂತಿರಬಹುದು. ಎಸಿ ಇರುತ್ತೆ."

"ಎಸಿ ನೋಡೋಕೆ ಅಷ್ಟು ದೂರ ಯಾಕಪ್ಪಾ? ನಮ್ಮೂರ ಬ್ಯಾಂಕಲ್ಲೇ ಇದೆ," ಅಂದಳು ಅಕ್ಕ.

ವಿಮಾನ ಏರುವಾಗ ನಾನು ಕಣ್ಣು ಮುಚ್ಚಿಕೊಂಡು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಅಕ್ಕ ಕಿಟಕಿಗೆ ಹಣೆ ಒತ್ತಿಕೊಂಡು ಕೆಳಗೆ ನೋಡುತ್ತಿದ್ದಳು. "ಈಗ ಕೆಳಗಡೆ ಯಾರು ನಮ್ಮ ಹೊಟ್ಟೆ ನೋಡ್ತಾ ಇದ್ದಾರೋ!" ಅಂದಳು.

ತಾಷ್ಕೆಂಟ್

ದೆಹಲಿಯಲ್ಲಿ ವಿಮಾನ ಬದಲಿಸಿ ತಾಷ್ಕೆಂಟಿನಲ್ಲಿ ಇಳಿದಾಗ ನಿಗೋರಾ ಅನ್ನುವ ಹುಡುಗಿ ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ನಿಂತಿದ್ದಳು. ಅವಳೇ ನಮ್ಮ ಗೈಡು. ಅಲ್ಲಿ ಯಾರನ್ನು ಕಂಡರೂ ಹಾಗೆಯೇ ಎದೆ ಮುಟ್ಟಿ ನಮಸ್ಕಾರ ಮಾಡುತ್ತಾರೆ. ಅವಳು ಕಾಲೇಜಿನಲ್ಲಿ ಹಿಂದಿ ಕಲಿತಿದ್ದಳಂತೆ. ಎಷ್ಟು ಚೊಕ್ಕ ಹಿಂದಿ ಅಂದರೆ, ನಮ್ಮಲ್ಲಿ ಅರ್ಧ ಜನಕ್ಕೆ ಅರ್ಥವಾಗಲಿಲ್ಲ. ನಮ್ಮದು ಸಂತೆ ಹಿಂದಿ. ಹೊಸಕೋಟೆಯ ಮುನಿಶಾಮಪ್ಪನವರು "ಏ ಕಿತ್ನಾ, ಓ ಕಿತ್ನಾ" ಎರಡರಲ್ಲೇ ಇಡೀ ದೇಶ ಸುತ್ತಿದರು. ಅವರು ಹೆಂಡತಿಯ ಜೊತೆ ಬಂದಿದ್ದರು. ಮಗಳು ಕೊಡಿಸಿದ್ದ ಬಿಳಿ ಬೂಟು ಹಾಕಿಕೊಂಡು, ಅದಕ್ಕೆ ಮಣ್ಣು ತಾಗದ ಹಾಗೆ ಹೆಜ್ಜೆ ಇಡುತ್ತಿದ್ದರು.

ಊಟಕ್ಕೆ ಕೂತಾಗ ದೊಡ್ಡ ರೊಟ್ಟಿ ಬಂತು. ಚಕ್ಕಡಿ ಗಾಡಿಯ ಚಕ್ರದ ಹಾಗೆ ದುಂಡಗೆ, ನಡುವೆ ಹೂವಿನ ಅಚ್ಚು ಒತ್ತಿ, ಎಳ್ಳು ಉದುರಿಸಿದ್ದು. ಮುನಿಶಾಮಪ್ಪನವರು ಬ್ಯಾಗಿನಿಂದ ಕಡ್ಲೆಕಾಯಿ ಚಟ್ನಿಪುಡಿ ತೆಗೆದರು. ಹೂವಿನ ಮೇಲೆ ಪುಡಿ ನಿಲ್ಲುವುದಿಲ್ಲವೆಂದು ರೊಟ್ಟಿಯನ್ನು ಬೋರಲು ಹಾಕಿದರು. ಬಡಿಸುವವನು ಬಂದು ಮಾತಿಲ್ಲದೆ ಅದನ್ನು ಸರಿಯಾಗಿ ತಿರುಗಿಸಿಟ್ಟು ಹೋದ. ಇವರು ಮತ್ತೆ ಬೋರಲು ಹಾಕಿದರು. ಅವನು ಮತ್ತೆ ಬಂದ. ಕೊನೆಗೆ ನಿಗೋರಾ ಎದ್ದು ಬಂದು, ಇಲ್ಲಿ ರೊಟ್ಟಿಯನ್ನು ಬೋರಲು ಹಾಕುವುದು ಅನ್ನಕ್ಕೆ ಅವಮಾನ ಮಾಡಿದ ಹಾಗೆ ಅಂದಳು. ಪಾಪ, ಮುನಿಶಾಮಪ್ಪನವರ ಮುಖ ಸಣ್ಣಗಾಯಿತು. ನಮ್ಮಲ್ಲಿ ಅನ್ನದ ಅಗುಳು ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವವರು ಅವರು. ರೊಟ್ಟಿಯನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಬಡಿಸುವವನು ದೂರದಿಂದಲೇ ಎದೆಯ ಮೇಲೆ ಕೈಯಿಟ್ಟ. ಅವತ್ತು ನಮ್ಮ ಮೇಜಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಬಂತು.

ಟೀ ಮಾತ್ರ ಬಟ್ಟಲಿನ ತಳ ಮುಚ್ಚುವಷ್ಟೇ ಹಾಕುತ್ತಾರೆ. "ಇದೇನೇ, ಬೈಟೂ ಅಲ್ಲ, ಬೈಫೋರ್ ಇದ್ದಂಗಿದೆ," ಅಂತ ಅಕ್ಕ ಗೊಣಗಿದಳು. ಆಮೇಲೆ ಗೊತ್ತಾಯಿತು: ಕಮ್ಮಿ ಹಾಕಿದಷ್ಟೂ ಮರ್ಯಾದೆ ಜಾಸ್ತಿ, ಮತ್ತೆ ಮತ್ತೆ ಹಾಕಿಕೊಡಬಹುದು ಅಂತ. ಬಟ್ಟಲು ತುಂಬಾ ಹಾಕಿಕೊಟ್ಟರೆ, ಕುಡಿದು ಎದ್ದು ಹೊರಡಿ ಅಂತ ಅರ್ಥವಂತೆ. ನಮ್ಮ ಮನೆಗಳಲ್ಲಿ ಲೋಟದ ಕಂಠದವರೆಗೆ ಕಾಫಿ ಕೊಡುವುದನ್ನು ಇವರು ನೋಡಿದರೆ ಏನಂದುಕೊಂಡಾರು!

ಇಷ್ಟು ಖುಷಿಯ ನಡುವೆ ಒಂದು ಮುಳ್ಳು. ಮಧ್ಯಾಹ್ನ ಹಳೆಯ ಮದರಸಾ ಒಂದಕ್ಕೆ ಹೋದಾಗ ಮೇಲಿನ ಮಹಡಿಗೆ ಕಡಿದಾದ ಮೆಟ್ಟಿಲಿತ್ತು. ಮಧು ಅಕ್ಕನನ್ನು ನಯವಾಗಿ ಬಸ್ಸಿನಲ್ಲೇ ಕೂರಿಸಿದ. ನಾವು ತಿರುಗಿ ಬಂದಾಗ ಅವಳ ಮಡಿಲ ಮೇಲೆ ಯಾರ್‍ಯಾರದೋ ಕೈಚೀಲಗಳು. ಸಂಜೆ ಅಕ್ಕ ನೇರವಾಗಿ ಮಧುವಿನ ಎದುರಿಗೆ ಹೋಗಿ ನಿಂತಳು.

"ಏನಪ್ಪಾ, ನಾನೂ ಟಿಕೆಟ್ ತಗೊಂಡೇ ಬಂದಿರೋದು."

"ಅಮ್ಮಾ, ನನಗೇನು ಬೇಜಾರಿಲ್ಲ. ಆದ್ರೆ ಸಮರಕಂದದಿಂದ ಬುಖಾರಾಕ್ಕೆ ರೈಲು. ಅದು ಯಾರಿಗೂ ಕಾಯಲ್ಲ. ಒಬ್ಬರಿಂದ ತಡ ಆದ್ರೆ ಎಲ್ಲರಿಗೂ ತೊಂದ್ರೆ. ಒಂದು ಕೆಲಸ ಮಾಡೋಣ. ಸಮರಕಂದದಲ್ಲಿ ನೀವು ಎಲ್ಲಾ ಕಡೆ ಬನ್ನಿ. ನಿಮ್ಮಿಂದ ಗುಂಪು ತಡ ಆಗ್ಲಿಲ್ಲ ಅಂದ್ರೆ ಸರಿ. ಆಯ್ತು ಅಂದ್ರೆ ಬುಖಾರಾದಲ್ಲಿ ನೀವು ಹೋಟೆಲಲ್ಲೇ ಇರಬೇಕು. ಬೈಕೋಬಾರ್ದು."

"ಆಗ್ಲಿ," ಅಂದಳು ಅಕ್ಕ. ಬುಖಾರಾವೇ ಈ ಪ್ರವಾಸದ ಕೊನೆಯ ಊರು. ಅದನ್ನು ನೋಡದೆ ಹೋದರೆ ಅವಳು ಜನ್ಮದಲ್ಲಿ ಇನ್ನೊಂದು ಸಲ ನನ್ನ ಜೊತೆ ಮನೆ ಹೊಸ್ತಿಲು ದಾಟುವುದಿಲ್ಲ ಅಂತ ನನಗೆ ಗೊತ್ತಿತ್ತು.

ಸಮರಕಂದ

ಮೂರು ಕಡೆ ಮೂರು ಅರಮನೆಯಂಥ ಮದರಸಾಗಳು, ನಡುವೆ ಬಯಲು. ಅದು ರೆಗಿಸ್ತಾನ್ ಚೌಕ. ಫೋಟೋದಲ್ಲಿದ್ದ ನೀಲಿ ಎದುರಿಗೇ ಬಂದು ನಿಂತಿತು. ಅಬ್ಬಬ್ಬಾ! ನಾನು ಗಟ್ಟಿಯಾಗಿ ಕೂಗಿಯೇಬಿಟ್ಟೆ. ಸೀರೆಗೆ ಬುಟ್ಟ ಹಾಕುವುದು ನೋಡಿದ್ದೇನೆ, ಇಲ್ಲಿ ಗೋಡೆಗೇ ಬುಟ್ಟ ಹಾಕಿದ್ದಾರೆ. ಅಕ್ಕ ಬಾಯಿ ತೆರೆದುಕೊಂಡು ನಿಂತಿದ್ದಳು. ಅಲ್ಲೆಲ್ಲ ಮಟ್ಟಸ ನೆಲ. ಅವಳು ನಮ್ಮೆಲ್ಲರಿಗಿಂತ ಮುಂದೆ ಮುಂದೆ ಓಡಾಡಿದಳು, ನಾನೇ ಬಾರೇ ಬಾರೇ ಅನ್ನಬೇಕಾಯಿತು. ಮಧು ಗಡಿಯಾರ ನೋಡಿಕೊಂಡು ಅವಳ ಹಿಂದೆಯೇ ಬಂದ.

ಆಮೇಲೆ ಬಸ್ಸು ಒಂದು ಗುಡ್ಡದ ಬುಡದಲ್ಲಿ ನಿಂತಿತು. ಗುಡ್ಡದ ಮೇಲೆ ಸಾಲಾಗಿ ಸಮಾಧಿಗಳು, ಒಂದೊಂದಕ್ಕೂ ಒಂದೊಂದು ನೀಲಿ ಗುಮ್ಮಟ. "ಇಲ್ಲಿ ಒಬ್ಬ ಸಂತರು ಮಲಗಿದ್ದಾರೆ, ಅವರು ಸತ್ತೇ ಇಲ್ಲ, ಈಗಲೂ ಬದುಕಿದ್ದಾರೆ ಅಂತ ನಮ್ಮವರು ನಂಬುತ್ತಾರೆ," ಅಂತ ನಿಗೋರಾ ಬಸ್ಸಿನಲ್ಲೇ ಹೇಳಿದಳು. ನಮ್ಮವರಿಗೆ ಅಷ್ಟು ಸಾಕಾಯಿತು. ಮಹಾತ್ಮರು, ಅದರಲ್ಲೂ ಜೀವಂತ ಮಹಾತ್ಮರು. ನಿಗೋರಾ ಮತ್ತು ಮಧು ಟಿಕೆಟ್ಟು ತರಲು ಆ ಕಡೆ ಹೋದರು. ಈ ಕಡೆ ಮುನಿಶಾಮಪ್ಪನವರು ಬಗ್ಗಿ ತಮ್ಮ ಬಿಳಿ ಬೂಟು ಬಿಚ್ಚಿದರು. ಬಿಚ್ಚಿ ಹೆಬ್ಬಾಗಿಲ ಪಕ್ಕದ ಗೋಡೆಗೆ ಒರಗಿಸಿ ಜೋಡಿಸಿಟ್ಟರು. ಅವರನ್ನು ನೋಡಿ ಅವರ ಹೆಂಡತಿ, ಅವರನ್ನು ನೋಡಿ ನಾನು, ನನ್ನ ನೋಡಿ ಉಳಿದವರು. ಸುತ್ತ ಇದ್ದ ಬೇರೆ ದೇಶದವರು, ಊರಿನವರು ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು. ಅದನ್ನು ನಮ್ಮಲ್ಲಿ ಒಬ್ಬರೂ ಗಮನಿಸಲಿಲ್ಲ. ಗುಡಿ ಇರಲಿ ದರ್ಗಾ ಇರಲಿ, ಬಾಗಿಲು ಕಂಡರೆ ನಮ್ಮ ಕಾಲು ತಾನೇ ಚಪ್ಪಲಿ ಬಿಡುತ್ತದೆ.

ಬಿಟ್ಟ ಮೇಲೆ ಎಲ್ಲರೂ ಅಭ್ಯಾಸದಂತೆ ಯಾರ ಕಡೆ ನೋಡಿದರು ಅಂತ ಹೇಳಬೇಕಿಲ್ಲ.

ಅಕ್ಕ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದಳು. ಕೂತಿದ್ದದ್ದು ಕಾಯಲಿಕ್ಕಲ್ಲ, ತನ್ನ ಬೂಟಿನ ಪಟ್ಟಿ ಬಿಚ್ಚಲಿಕ್ಕೆ. ಬಿಚ್ಚಿ, ಬಲಗಾಲಿನದನ್ನೂ ದಪ್ಪ ಅಟ್ಟೆಯ ಆ ಬೂಟನ್ನೂ ಮುನಿಶಾಮಪ್ಪನವರ ಬೂಟಿನ ಪಕ್ಕ ಇಟ್ಟಳು. "ಕೈ ಕೊಡೇ," ಅಂದಳು ನನಗೆ.

"ಅಕ್ಕಾವ್ರೇ, ಮತ್ತೆ ಇವನ್ನೆಲ್ಲಾ ನೋಡ್ಕೊಳ್ಳೋರು?" ಅಂದರು ಮುನಿಶಾಮಪ್ಪನವರು.

"ನಿಮ್ಮ ಮಹಾತ್ಮರು ಬದುಕಿದ್ದಾರಂತಲ್ಲ ಮುನಿಶಾಮಣ್ಣ, ಅವರೇ ನೋಡ್ಕೊಳ್ತಾರೆ," ಅಂದಳು ಅಕ್ಕ.

ಮೆಟ್ಟಿಲ ಮೇಲೆ

ಮೆಟ್ಟಿಲುಗಳು ಒರಟು, ಎತ್ತರ. ಅಕ್ಕ ಬಲಗಾಲು ಮೊದಲಿಟ್ಟು, ಗೋಡೆ ಹಿಡಿದು, ನನ್ನ ಭುಜ ಹಿಡಿದು, ಎಡಗಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. ಎರಡು ಕಡೆ ಕೂತು ಸುಧಾರಿಸಿಕೊಂಡಳು. ನನಗೋ ಕೆಳಗಿನಿಂದ ಮಧು ಬಂದುಬಿಟ್ಟರೆ ಅನ್ನುವ ಪುಕಪುಕ. ಅವನು ಬಂದ. ನಿಗೋರಾನೂ ಬಂದಳು. ನಮ್ಮನ್ನೆಲ್ಲ ಬರಿಗಾಲಲ್ಲಿ ನೋಡಿ ಇಬ್ಬರೂ ಕಕ್ಕಾಬಿಕ್ಕಿಯಾದರು. "ಯಾಕೆ ಬಿಚ್ಚಿದಿರಿ? ಇಲ್ಲಿ ಬಿಚ್ಚಬೇಕಾಗಿಲ್ಲ!" ಅಂದಳು ನಿಗೋರಾ. "ಬಿಟ್ಟಾಯ್ತಲ್ಲಮ್ಮಾ, ಮತ್ತೆ ಕೆಳಗೆ ಇಳಿಯೋರು ಯಾರು," ಅಂದೆವು.

ಮೇಲೆ ತಲುಪಿದಾಗ ಓಣಿಯ ಎರಡೂ ಕಡೆ ನೀಲಿ. ಆಕಾಶದ ನೀಲಿಗೆ ಹೊಟ್ಟೆಕಿಚ್ಚಾಗಬೇಕು, ಅಂಥದ್ದು. ಒಂದೊಂದು ಬಿಲ್ಲೆಯ ಮೇಲೂ ಬಳ್ಳಿ, ಹೂವು, ಚುಕ್ಕಿ. ಅಕ್ಕ ಗೋಡೆಗೆ ಅಂಗೈ ಒತ್ತಿ ನಿಂತಳು. ಮೇಲುಸಿರು ಹತ್ತಿತ್ತು, ಮುಖ ಕೆಂಪಾಗಿತ್ತು. "ಶಾಂತಾ, ಮೇಲಿಂದ ನೋಡಿದ್ರೆ ಹಿಂಗಿರುತ್ತೇನೇ!" ಅಂದಳು. ನನಗೆ ಕಣ್ಣು ತುಂಬಿಕೊಂಡು ಗುಮ್ಮಟಗಳೆಲ್ಲ ಕಲಸಿಹೋದವು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಊರಿನ ಜನ ನಮ್ಮ ಕಾಲುಗಳನ್ನೇ ನೋಡುತ್ತಿದ್ದರು. ಬರಿಗಾಲಿನ ಇಷ್ಟು ಜನ ಹಿಂದೂಸ್ತಾನದಿಂದ ಏನೋ ಹರಕೆ ಹೊತ್ತು ಬಂದಿದ್ದಾರೆ ಅಂದುಕೊಂಡರಂತೆ. ಬಾಯಿ ತುಂಬಾ ಚಿನ್ನದ ಹಲ್ಲಿದ್ದ ಅಜ್ಜಿಯೊಬ್ಬಳು ಬಂದು ಎಲ್ಲರ ಕೈಗೂ ಒಣದ್ರಾಕ್ಷಿ ಹಾಕಿದಳು. ಮುನಿಶಾಮಪ್ಪನವರು ಅದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಿಂದರು. ಅಜ್ಜಿಗೆ ಅದು ಬಹಳ ಹಿಡಿಸಿ, ಅವರಿಗೆ ಮಾತ್ರ ಇನ್ನೊಂದು ಹಿಡಿ ಕೊಟ್ಟಳು. ಒಳಗಿನ ಒಂದು ಪುಟ್ಟ ಕೋಣೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಅಲ್ಲಿ ಗೋಡೆ ಪಕ್ಕದ ಬೆಂಚಿನ ಮೇಲೆ ಅಕ್ಕನನ್ನು ಕೂರಿಸಿ ನಾನೂ ಕೂತೆ. ಭಾಷೆ ತಿಳಿಯದಿದ್ದರೂ ಆ ದನಿ ಹಿತವಾಗಿತ್ತು.

ಮೆಟ್ಟಿಲ ಕೆಳಗೆ

ಇಳಿದು ಬಂದು ನೋಡಿದರೆ ಗೋಡೆಯ ಪಕ್ಕ ಏನೂ ಇಲ್ಲ. ನೆಲ ಗುಡಿಸಿ ಸ್ವಚ್ಛವಾಗಿದೆ. ಒಂದು ಚಪ್ಪಲಿಯೂ ಇಲ್ಲ.

"ಅಯ್ಯೋ ನನ್ನ ಮಗಳು ಕೊಡ್ಸಿದ್ದು!" ಅಂತ ಮುನಿಶಾಮಪ್ಪನವರು ತಲೆ ಮೇಲೆ ಕೈ ಹೊತ್ತರು. ಎಲ್ಲರೂ ಒಟ್ಟಿಗೆ ಕೂಗಾಡತೊಡಗಿದರು. ಮಧು ಗಡಿಯಾರ ನೋಡಿಕೊಂಡು ಬೆವರಿದ. ನಿಗೋರಾ ಓಡಿಹೋಗಿ ಕಾವಲುಗಾರನನ್ನು ಕೇಳಿಕೊಂಡು ಬಂದಳು. ವಾರಸುದಾರರಿಲ್ಲದ ಇಷ್ಟು ಬೂಟುಗಳನ್ನು ಕಂಡು ಅವನಿಗೇ ಗಾಬರಿಯಾಗಿ, ಗುಡಿಸುವ ಹೆಂಗಸಿಗೆ ಹೇಳಿ ಮೂಟೆ ಕಟ್ಟಿಸಿ ತನ್ನ ಕೋಣೆಯಲ್ಲಿ ಇಡಿಸಿದ್ದನಂತೆ. ಮೂಟೆ ತಂದು ಸುರಿದ. ನಮ್ಮವರು ಅದರ ಮೇಲೆ ಬಿದ್ದರು. ಮುನಿಶಾಮಪ್ಪನವರು ತಮ್ಮ ಬಿಳಿ ಬೂಟನ್ನು ಎದೆಗವಚಿಕೊಂಡರು. ನನ್ನದು ಸಿಕ್ಕಿತು. ಅಕ್ಕನ ಬಲಗಾಲಿನ ಬೂಟೂ ಸಿಕ್ಕಿತು.

ಎಡಗಾಲಿನದು ಇರಲಿಲ್ಲ.

ಮೂಟೆ ಒದರಿದೆ. ಕಾವಲುಗಾರನ ಕೋಣೆಗೇ ನುಗ್ಗಿ ಮಂಚದ ಕೆಳಗೆ ನೋಡಿದೆ. ಇಲ್ಲ. ಅದೊಂದಿಲ್ಲದಿದ್ದರೆ ಬುಖಾರಾ ಇಲ್ಲ, ಏನೂ ಇಲ್ಲ. ಅಂಥ ಬೂಟು ಅಂಗಡಿಯಲ್ಲಿ ಸಿಗುವುದಲ್ಲ. ನನಗೆ ಅಳು, ಸಿಟ್ಟು ಎರಡೂ ಬಂದವು. ಅಕ್ಕ ಕಟ್ಟೆಯ ಮೇಲೆ ಬರಿಗಾಲು ಇಳಿಬಿಟ್ಟುಕೊಂಡು ಕೂತಿದ್ದಳು.

"ರೈಲಿಗೆ ಹೊತ್ತಾಯ್ತು," ಅಂದ ಮಧು, ಮೆಲ್ಲಗೆ. "ಅಮ್ಮಾ, ನಾನು ಎತ್ಕೊಂಡು ಬಸ್ ಹತ್ತಿಸ್ತೀನಿ. ಬುಖಾರಾದಲ್ಲಿ ಒಳ್ಳೆ ಹೋಟೆಲ್ ಇದೆ..."

"ಇನ್ನೊಂದು ಸ್ವಲ್ಪ ನೋಡೋಣಪ್ಪಾ," ಅಂದಳು ಅಕ್ಕ. ಅದನ್ನು ಕೇಳಿ ಕೂಗಾಡುತ್ತಿದ್ದವರೆಲ್ಲ ಮತ್ತೆ ಹುಡುಕತೊಡಗಿದರು.

ಅಷ್ಟರಲ್ಲಿ ಮೆಟ್ಟಿಲ ತುದಿಯಿಂದ ಯಾರೋ ಜೋರಾಗಿ ಕೂಗಿದ್ದು ಕೇಳಿಸಿತು. ತಲೆಗೆ ಹೂವಿನ ವಸ್ತ್ರ ಕಟ್ಟಿದ, ವಯಸ್ಸಾದ ದಪ್ಪ ಹೆಂಗಸೊಬ್ಬಳು, ಒಂದು ಕೈಯಲ್ಲಿ ಮೋಟು ಪೊರಕೆ, ಇನ್ನೊಂದು ಕೈಯಲ್ಲಿ ಅಕ್ಕನ ಬೂಟು ಎತ್ತಿ ಹಿಡಿದುಕೊಂಡು ದಡದಡ ಇಳಿದು ಬರುತ್ತಿದ್ದಳು. ನಾವೆಲ್ಲ ಹೋ ಅಂತ ಕಿರುಚಿದೆವು. ಬೇರೆ ದೇಶದವರು ಹೆದರಿ ಪಕ್ಕಕ್ಕೆ ಸರಿದರು.

ಅವಳೇ ಗುಡಿಸುವ ಜಮೀಲಾ. ಅವಳು ಏದುಸಿರು ಬಿಡುತ್ತಾ ಹೇಳಿದ್ದನ್ನು ನಿಗೋರಾ ನಮಗೆ ತಿಳಿಸಿದಳು. ಬೇರೆ ಬೂಟುಗಳನ್ನು ಮೂಟೆಗೆ ತುಂಬಿದಳಂತೆ. ಇದನ್ನು ಕೈಗೆತ್ತಿಕೊಂಡಾಗ ತುಂಬಲು ಮನಸ್ಸು ಬರಲಿಲ್ಲವಂತೆ. ಇದಿಲ್ಲದೆ ಯಾರೋ ನಡೆಯಲಾರದೆ ಎಲ್ಲೋ ನಿಂತಿರುತ್ತಾರೆ ಅಂದುಕೊಂಡು, ಬೂಟು ಹಿಡಿದು ಮೇಲೆ ಹೋಗಿ, ಬಂದವರೆಲ್ಲರ ಕಾಲು ನೋಡುತ್ತಾ ಗುಡ್ಡದ ಆ ಕೊನೆಯವರೆಗೂ ಹುಡುಕಿದಳಂತೆ. ನಾವು ಆಗ ಒಳಗಿನ ಕೋಣೆಯಲ್ಲಿ ಕೂತಿದ್ದೆವು.

ಹೇಳಿ ಮುಗಿಸಿ ಅವಳು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಲನ್ನು ಹಿಡಿದುಕೊಂಡಳು. "ಅಯ್ಯೋ ಬೇಡಮ್ಮಾ, ಕಾಲು ಮುಟ್ಟಬೇಡ, ದೊಡ್ಡೋಳು ನೀನು," ಅಂತ ಅಕ್ಕ ಎಳೆದುಕೊಳ್ಳಲು ನೋಡಿದಳು. ಜಮೀಲಾ ಬಿಡಲಿಲ್ಲ. ಪಾದಕ್ಕೆ ಅಂಟಿದ್ದ ಧೂಳನ್ನು ತನ್ನ ಸೆರಗಿನಂಥ ವಸ್ತ್ರದಲ್ಲಿ ಒರೆಸಿ, ಬೂಟು ತೊಡಿಸಿ, ಪಟ್ಟಿ ಬಿಗಿದು, ಬಿಗಿಯಾಯಿತಾ ಅಂತ ಕಣ್ಣಲ್ಲೇ ಕೇಳಿದಳು. ಅಕ್ಕ ಎದ್ದು ನಿಂತು ಅವಳನ್ನು ತಬ್ಬಿಕೊಂಡಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಏನೇನೋ ಹೇಳಿಕೊಂಡರು. ನಿಗೋರಾ ಅದನ್ನು ಯಾರಿಗೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಬಸ್ಸಿನಲ್ಲಿ ಅಕ್ಕ ಮಧುವನ್ನು ಹತ್ತಿರ ಕರೆದಳು. "ತಡ ಆಯ್ತಲ್ಲಪ್ಪಾ, ಅದು ನನ್ನ ಕಾಲಿಂದಾನಾ, ನಿಮ್ಮ ಗುಂಪಿನ ಇಷ್ಟೂ ಕಾಲಿಂದಾನಾ? ಸರಿಯಾಗಿ ಹೇಳು."

ಬಸ್ಸೆಲ್ಲ ಗೊಳ್ಳೆಂದು ನಕ್ಕಿತು. ಮಧು ಎರಡು ಕೈ ಎತ್ತಿ ಮುಗಿದ. "ಸೋತೆ ಅಮ್ಮಾ. ಬುಖಾರಾದಲ್ಲಿ ನೀವು ಮುಂದೆ ನಡೀರಿ. ನಾವೆಲ್ಲಾ ಹಿಂದೆ ಬರ್ತೀವಿ."

ರೈಲು ಸಿಕ್ಕಿತು. ಕೊನೆಯ ಚೀಲ ಒಳಗೆ ಬಿದ್ದ ಕೂಡಲೇ ಹೊರಟಿತು.

ಬುಖಾರಾ

ಮಧು ಮಾತು ಉಳಿಸಿಕೊಂಡ. ಬೆಳಗ್ಗೆ ಕೋಟೆಯ ಇಳಿಜಾರು ಹತ್ತುವಾಗ ಅಕ್ಕ ಎಲ್ಲರಿಗಿಂತ ಮುಂದೆ. ಅವಳು ನಿಂತರೆ ಗುಂಪು ನಿಲ್ಲುತ್ತಿತ್ತು, ಅವಳು ನಡೆದರೆ ನಡೆಯುತ್ತಿತ್ತು. ಬಾಗಿಲಲ್ಲಿದ್ದ ಮುದುಕನೊಬ್ಬ ಇವಳೇ ಗುಂಪಿನ ಯಜಮಾನಿ ಅಂದುಕೊಂಡು ಅವಳಿಗೆ ಮಾತ್ರ ಕುರ್ಚಿ ಹಾಕಿಸಿ ಟೀ ಕೊಟ್ಟ. ಬಟ್ಟಲಿನ ತಳದಲ್ಲಿ ಒಂದೇ ಗುಟುಕು! ಅಕ್ಕ ನಮ್ಮ ಕಡೆಗೊಮ್ಮೆ ಗತ್ತಿನಿಂದ ನೋಡಿ ಕುಡಿದಳು. ನಿಧಾನವಾಗಿ ನಡೆದದ್ದರಿಂದ ನಾವು ನೋಡಿದ್ದೂ ಜಾಸ್ತಿ. ಕಂಬದ ಕೆತ್ತನೆ, ಬಾಗಿಲ ಮೊಳೆ, ಗೋಡೆಯ ಬಿರುಕಲ್ಲಿ ಗೂಡು ಕಟ್ಟಿದ ಗುಬ್ಬಿ, ಎಲ್ಲ ಕಂಡವು. ಮುನಿಶಾಮಪ್ಪನವರಂತೂ, "ಮೊದಲನೇ ದಿನದಿಂದ ಹಿಂಗೇ ನಡೀಬೇಕಿತ್ತು ಗುರು," ಅಂದರು ಮಧುವಿಗೆ.

ಮಧ್ಯಾಹ್ನ ಊರ ನಡುವಿನ ಕೊಳದ ದಂಡೆಗೆ ಬಂದೆವು. ದಂಡೆಯ ಮೇಲೆ ಇಬ್ಬರು ತಬ್ಬಿದರೂ ಸಾಲದಷ್ಟು ದಪ್ಪದ ಮರಗಳು, ನೆಲದ ತುಂಬಾ ಉದುರಿದ ಬಿಳಿ ಹಣ್ಣು. ಅಕ್ಕ ಎಲೆ ಮುಟ್ಟಿ ನೋಡಿ ಚೀರಿದಳು: "ಹಿಪ್ಪುನೇರಳೆ ಕಣೇ!" ನಮ್ಮಪ್ಪ ಜೀವಮಾನವೆಲ್ಲ ಹಿಪ್ಪುನೇರಳೆ ಬೆಳೆದವರು. ಹುಳುವಿಗೆ ಸೊಪ್ಪು ಬೇಕೆಂದು ಕೊಯ್ದು ಕೊಯ್ದು, ನಮ್ಮ ಕಡೆ ಅದು ಎದೆಮಟ್ಟದ ಗಿಡವಾಗಿಯೇ ಇರುತ್ತದೆ. ಬಿಟ್ಟರೆ ಇಷ್ಟು ದೊಡ್ಡ ಮರವಾಗುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ. ನಾವು ಕೆಳಗೆ ಬಿದ್ದದ್ದನ್ನು ಆರಿಸಿ ಊದಿ ಊದಿ ತಿಂದೆವು. ಜೇನಿನಷ್ಟು ಸಿಹಿ.

"ಈಗ ನಿಮ್ಮಿಷ್ಟ, ಬಜಾರಲ್ಲಿ ಸುತ್ತಾಡ್ಕೊಂಡು ಒಂದು ಗಂಟೆ ಬಿಟ್ಟು ಇದೇ ಮರದ ಕೆಳಗೆ ಬನ್ನಿ," ಅಂದ ಮಧು. ನಾನು ಬಟ್ಟೆಯಂಗಡಿಗೆ ನುಗ್ಗಿದೆ. ಅಕ್ಕ, "ನೀನು ಹೋಗು, ನಾನು ನನ್ನ ಪಾಡಿಗೆ ಹೋಗ್ತೀನಿ," ಅಂದಳು.

ಗಂಟೆ ಕಳೆದು ಎಲ್ಲರೂ ಬಂದರು. ಅಕ್ಕ ಬರಲಿಲ್ಲ. ಗೊತ್ತಿಲ್ಲದ ಊರು, ಭಾಷೆ ಬರದವಳು. ನಿಗೋರಾ ಒಂದು ದಿಕ್ಕಿಗೆ ಹೋದಳು, ಮುನಿಶಾಮಪ್ಪನವರು ಇನ್ನೊಂದು ದಿಕ್ಕಿಗೆ. ಇಬ್ಬರೂ ಬರಿಗೈಯಲ್ಲಿ ಬಂದರು. ಮಧು ಗಡಿಯಾರ ನೋಡಿದ. ಆಮೇಲೆ ಅದನ್ನು ಕೈಯಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡು ಮರದ ಬುಡದಲ್ಲಿ ಕೂತ. ಒಬ್ಬೊಬ್ಬರಾಗಿ ಎಲ್ಲರೂ ಕೂತರು, ತಮ್ಮ ತಮ್ಮ ಚೀಲಗಳನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡು.

ನೆರಳು ಕೊಳದ ಆಚೆ ದಂಡೆಗೆ ಸರಿದ ಹೊತ್ತಿಗೆ ಅಕ್ಕ ಓಣಿಯ ತಿರುವಿನಲ್ಲಿ ಕಾಣಿಸಿಕೊಂಡಳು. ಅವಸರವೇ ಇಲ್ಲ. ಒಂದು ಬಾಗಿಲ ಮುಂದೆ ನಿಂತಳು, ತಲೆಯೆತ್ತಿ ಒಂದು ಗೋಪುರ ನೋಡಿದಳು, ಯಾರದೋ ಮಗುವಿನ ಕೆನ್ನೆ ಹಿಂಡಿದಳು. ನಾನು ಓಡಿಹೋಗಿ ಬೈದೆ. "ಎಲ್ಲಿ ಹೋಗಿದ್ದೆ? ಇಲ್ಲಿ ಇಷ್ಟೂ ಜನ ನಿನಗೋಸ್ಕರ ಕಾಯ್ತಾ ಕೂತಿದ್ದೀವಿ, ಜೀವ ಹೋಯ್ತು ನನಗೆ!"

ಅಕ್ಕ ಮರದ ಕೆಳಗೆ ಕೂತಿದ್ದವರನ್ನೆಲ್ಲ ಒಮ್ಮೆ ನೋಡಿದಳು.

"ನೋಡ್ತಾ ಇದ್ದೆ ಕಣೇ. ಇನ್ನೂ ನೋಡಿ ಮುಗೀಲಿಲ್ಲ," ಅಂದಳು. ಅಂದವಳು ಬಂದ ದಾರಿಯಲ್ಲೇ ತಿರುಗಿ ನಡೆದಳು. ಮಧು ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದ, ನಾವೆಲ್ಲರೂ ಎದ್ದು ಅವಳ ಹಿಂದೆ ಹೊರಟೆವು.